ಹೂವು ಲೆಕ್ಕ ಹೇಳುವುದಿಲ್ಲ

ಕೆಲವು ವರ್ಷಗಳ ಹಿಂದೆ ಆಸ್ಟ್ರೇಲಿಯಾದ ಕಂಪನಿಯೊಂದು ತನ್ನ ತಂಪು ಕನ್ನಡಕದ ಜಾಹೀರಾತನ್ನು ಕ್ರೊಯೇಷಿಯಾದ ಒಂದು ಬಯಲಿನಲ್ಲಿ ಚಿತ್ರೀಕರಿಸಿತು. ಮುಂದೆ ಕನ್ನಡಕ ಹಾಕಿಕೊಂಡ ರೂಪದರ್ಶಿ, ಹಿಂದೆ ಹಸಿರು ಹುಲ್ಲಿನ ನಡುವೆ ಎದ್ದು ನಿಂತ ಕಾಂಕ್ರೀಟಿನ ದೊಡ್ಡ ಹೂವು. ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಆ ಹೂವು ನಿಂತಿರುವ ನೆಲದಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದಿದ್ದರು ಎಂಬುದು ಜಾಹೀರಾತು ಮಾಡಿದವರಿಗೆ ಗೊತ್ತಿದ್ದಂತಿರಲಿಲ್ಲ. ನಾಲ್ಕೂ ಕಡೆಯಿಂದ ಬೈಗುಳ ಬಂದ ಮೇಲೆ ಕಂಪನಿ ಕ್ಷಮೆ ಕೇಳಿ ಅದನ್ನು ತೆಗೆದುಹಾಕಿತು.

ಕಂಪನಿಯನ್ನು ಬೈಯುವುದು ಸುಲಭ. ಆದರೆ ಬೈದಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಇಷ್ಟು ದೊಡ್ಡ ಕೊಲೆಯ ಸ್ಮಾರಕ, ಅಲ್ಲಿ ಏನು ನಡೆಯಿತೆಂಬ ಸುಳಿವನ್ನೇ ಕೊಡದೆ ಹೇಗೆ ನಿಂತಿದೆ? ಆಶ್ವಿಟ್ಸ್‌ನ ಗೇಟನ್ನು ಯಾರೂ ಬೇರೇನೋ ಎಂದು ತಪ್ಪು ತಿಳಿಯಲಾರರು. ಇಲ್ಲಿ ಮುಳ್ಳುತಂತಿ ಇಲ್ಲ, ಕಾವಲು ಗೋಪುರ ಇಲ್ಲ, ಬಗ್ಗಿದ ಬೆನ್ನಿನ ಕೈದಿಗಳ ಶಿಲ್ಪ ಇಲ್ಲ, ಕೊಂದವನ ಹೆಸರೂ ಇಲ್ಲ. ಇರುವುದು ಒಂದು ಹೂವು. ಇದನ್ನು ಹೀಗೇ ಮಾಡಬೇಕೆಂದು ಯೋಚಿಸಿ ಮಾಡಿದವರು ಬೆಲ್‌ಗ್ರೇಡಿನ ವಾಸ್ತುಶಿಲ್ಪಿ ಬೊಗ್ದಾನ್ ಬೊಗ್ದಾನೊವಿಚ್. ಅವರು ಮಾಡಿದ್ದು ಸರಿ ಎಂದೇ ನಾನು ವಾದಿಸಲಿದ್ದೇನೆ. ಆದರೆ ಅವರ ಅಭಿಮಾನಿಗಳು ಹೇಳುವ ಕಾರಣಕ್ಕಲ್ಲ. ಅವರ ವಿರೋಧಿಗಳ ದೂರಿನಲ್ಲಿ ಸತ್ಯವೂ ಇದೆ, ಅದನ್ನು ಪಕ್ಕಕ್ಕೆ ತಳ್ಳಿ ಮುಂದೆ ಹೋಗಲು ಸಾಧ್ಯವಿಲ್ಲ.

ಮೊದಲು ಜಾಗದ ಬಗ್ಗೆ ಹೇಳಬೇಕು. ಯಾಸೆನೊವಾತ್ಸ್ ಸಾವಾ ನದಿಯ ದಡದ ಒಂದು ಸಣ್ಣ ಊರು. 1941ರ ಏಪ್ರಿಲ್‌ನಲ್ಲಿ ಹಿಟ್ಲರನ ಸೈನ್ಯ ಯುಗೊಸ್ಲಾವಿಯಾವನ್ನು ಒಡೆದು ಹಾಕಿದಾಗ ಕ್ರೊಯೇಷಿಯಾದಲ್ಲಿ ಉಸ್ತಾಶಾ ಎಂಬ ಫ್ಯಾಸಿಸ್ಟ್ ಗುಂಪು ಅಧಿಕಾರಕ್ಕೆ ಬಂತು. ಅದೇ ವರ್ಷ ಅವರು ಇಲ್ಲಿ ಶಿಬಿರ ತೆರೆದರು. ಇದನ್ನು ಕಟ್ಟಿದವರೂ ನಡೆಸಿದವರೂ ಜರ್ಮನರಲ್ಲ, ಸ್ಥಳೀಯರೇ. ಸರ್ಬರು, ರೋಮಾ ಜನ, ಯಹೂದಿಗಳು, ಉಸ್ತಾಶಾಗಳನ್ನು ವಿರೋಧಿಸಿದ ಕ್ರೊಯೇಷಿಯನ್ನರು, ಬೊಸ್ನಿಯಾದ ಮುಸ್ಲಿಮರು ಇಲ್ಲಿಗೆ ಬಂದು ಬಿದ್ದರು. ಇಲ್ಲಿ ಬಹುಪಾಲು ಕೊಲೆ ಚಾಕು, ಕೊಡತಿ, ಕೊಡಲಿಗಳಿಂದ ನಡೆಯಿತು. ಕೊಲ್ಲುವವನಿಗೂ ಸಾಯುವವನಿಗೂ ನಡುವೆ ಕೈಯಳತೆಯ ಅಂತರ. 1945ರ ಏಪ್ರಿಲ್ 22ರಂದು ಉಳಿದಿದ್ದ ಕೈದಿಗಳಲ್ಲಿ ಸುಮಾರು 600 ಮಂದಿ ಬಾಗಿಲು ಒಡೆದು ಓಡಿದರು. ಬದುಕಿ ಹೊರಬಂದವರು ನೂರಕ್ಕೂ ಕಡಿಮೆ. ಹಿಂದೆ ಸರಿಯುವ ಮುನ್ನ ಉಸ್ತಾಶಾಗಳು ಶಿಬಿರವನ್ನು ಉರುಳಿಸಿ ಸುಟ್ಟರು. ಯುದ್ಧ ಮುಗಿದ ಮೇಲೆ ಅಕ್ಕಪಕ್ಕದ ಊರಿನವರು ಉಳಿದ ಇಟ್ಟಿಗೆಗಳನ್ನು ಒಯ್ದು ತಮ್ಮ ಮನೆಗಳನ್ನು ಮತ್ತೆ ಕಟ್ಟಿಕೊಂಡರು. ಅದರಲ್ಲಿ ಅಚ್ಚರಿ ಪಡುವಂಥದ್ದೇನಿಲ್ಲ, ಅವರ ಮನೆಗಳೂ ಬಿದ್ದಿದ್ದವು.

ಹೀಗಾಗಿ 1960ರ ದಶಕದಲ್ಲಿ ಟಿಟೊ ಸರ್ಕಾರ ಇಲ್ಲಿ ಸ್ಮಾರಕ ಮಾಡಲು ಹೊರಟಾಗ ಬೊಗ್ದಾನೊವಿಚ್ ಕೈಗೆ ಸಿಕ್ಕಿದ್ದು ಬರಿಯ ಬಯಲು, ಜವುಗು, ಹುಲ್ಲು. ಶಿಬಿರವನ್ನು ಮತ್ತೆ ಕಟ್ಟಿ ತೋರಿಸುವ ಕೆಲಸಕ್ಕೆ ಅವರು ಒಪ್ಪಲಿಲ್ಲ. ಕಟ್ಟಡಗಳಿದ್ದ ಕಡೆ, ಕೊಂದ ಕಡೆ ನೆಲವನ್ನೇ ಸ್ವಲ್ಪ ಎತ್ತಿ ದಿಬ್ಬ ಮಾಡಿದರು, ಸ್ವಲ್ಪ ಇಳಿಸಿ ತಗ್ಗು ಮಾಡಿದರು. ಮೇಲೆ ಹುಲ್ಲು ಬೆಳೆಯಿತು. ರೈಲು ಹಳಿಯ ಕೆಳಗೆ ಹಾಸುವ ಮರದ ಸ್ಲೀಪರ್ ದಿಮ್ಮಿಗಳನ್ನು ಜೋಡಿಸಿ ಒಂದು ಕಾಲುದಾರಿ ಮಾಡಿದರು. ಆ ದಾರಿ ನಿಮ್ಮನ್ನು ನೇರವಾಗಿ ಹೂವಿನ ಬುಡಕ್ಕೆ ಒಯ್ಯುತ್ತದೆ. ಹೂವಿನ ಎತ್ತರ 24 ಮೀಟರ್. ಕೆಳಗೆ ನೆಲಮಾಳಿಗೆಯಂಥ ಕತ್ತಲ ಕೋಣೆ, ಮೇಲೆ ಆಕಾಶಕ್ಕೆ ತೆರೆದ ಎಸಳುಗಳು. 1966ರ ಜುಲೈನಲ್ಲಿ ಅದು ಜನರಿಗೆ ತೆರೆಯಿತು.

ಆ ಕಾಲದ ಯುಗೊಸ್ಲಾವಿಯಾದಲ್ಲಿ, ಅಷ್ಟೇಕೆ, ಇಡೀ ಪೂರ್ವ ಯೂರೋಪಿನಲ್ಲಿ ಯುದ್ಧಸ್ಮಾರಕ ಎಂದರೆ ಮುಷ್ಟಿ ಎತ್ತಿದ ಸೈನಿಕ, ಬಂದೂಕು, ಕೆಂಪು ನಕ್ಷತ್ರ, ಮಗನ ಹೆಣ ಹೊತ್ತ ತಾಯಿ. ಬೊಗ್ದಾನೊವಿಚ್ ಮೂವತ್ತು ವರ್ಷಗಳಲ್ಲಿ ಕಟ್ಟಿದ ಸುಮಾರು ಇಪ್ಪತ್ತು ಸ್ಮಾರಕಗಳಲ್ಲಿ ಇವ್ಯಾವುದಕ್ಕೂ ಜಾಗವಿಲ್ಲ. ಸರ್ಬಿಯಾದ ಕ್ರೂಶೆವಾತ್ಸ್‌ನಲ್ಲಿ ಜರ್ಮನರು ಜನರನ್ನು ಗುಂಡಿಟ್ಟು ಕೊಂದ ತಗ್ಗಿನಲ್ಲಿ ಅವರು ನಿಲ್ಲಿಸಿದ್ದು ರೆಕ್ಕೆ ಬಿಚ್ಚಿದ ಕಲ್ಲಿನ ಹಕ್ಕಿಗಳನ್ನು. ವುಕೊವಾರ್ ನಗರದ ಬಳಿಯ ದುದಿಕ್‌ನಲ್ಲಿ ತಾಮ್ರದ ತುದಿಯ ಐದು ಶಂಕುಗಳು, ಹುಲ್ಲಿನ ಮೇಲೆ ತೇಲುವಂತಿರುವ ಕಲ್ಲಿನ ದೋಣಿಗಳು. ಯಾವುದೋ ಮರೆತುಹೋದ ಧರ್ಮದ ಗುಡಿಯ ಅವಶೇಷಗಳಂತೆ ಕಾಣುತ್ತವೆ ಇವೆಲ್ಲ. ಯಾವ ಧರ್ಮ ಎಂದು ಕೇಳಿದರೆ ಉತ್ತರವಿಲ್ಲ.

ಈ ಹಟ ಎಲ್ಲಿಂದ ಬಂತು ಎಂದು ತಿಳಿಯಲು ಅವರ ಮೊದಲ ಕೆಲಸಕ್ಕೆ ಹೋಗಬೇಕು. ಬೊಗ್ದಾನೊವಿಚ್ ಹುಟ್ಟಿದ್ದು 1922ರಲ್ಲಿ, ಬೆಲ್‌ಗ್ರೇಡಿನಲ್ಲಿ. ತಂದೆ ಮಿಲಾನ್ ಹೆಸರಾಂತ ಸಾಹಿತ್ಯ ವಿಮರ್ಶಕ. ಮನೆಗೆ ಬರುತ್ತಿದ್ದವರು ಎಡಪಂಥೀಯ ಬರಹಗಾರರು. ಹದಿಹರೆಯದಲ್ಲಿ ಹುಡುಗನ ತಲೆ ಹೊಕ್ಕಿದ್ದು ಸರ್ರಿಯಲಿಸಂ. ಯುದ್ಧದಲ್ಲಿ ಪಾರ್ಟಿಸಾನ್ ಗೆರಿಲ್ಲಾಗಳ ಜೊತೆ ಸೇರಿ, ಗಂಭೀರವಾಗಿ ಗಾಯಗೊಂಡು ಬದುಕಿ ಬಂದರು. ಓದು ಮುಗಿಸಿ ಹೊರಬಂದದ್ದೇ ತಡ, ಬೆಲ್‌ಗ್ರೇಡಿನ ಸೆಫಾರ್ಡಿ ಯಹೂದಿಗಳ ಸ್ಮಶಾನದಲ್ಲಿ ಫ್ಯಾಸಿಸಂಗೆ ಬಲಿಯಾದವರ ಸ್ಮಾರಕ ಮಾಡುವ ಕೆಲಸ ಬಂತು. ಆಗ ಅವರಿಗೆ ಮೂವತ್ತೂ ಆಗಿರಲಿಲ್ಲ.

ಆ ನಗರದಲ್ಲಿ ಯಹೂದಿಗಳು ಎಂದರೆ ಆಗ ಯಾರಿದ್ದರು? ಗಂಡಸರನ್ನು 1941ರಲ್ಲೇ ಗುಂಡಿಟ್ಟು ಕೊಂದಿದ್ದರು. ಹೆಂಗಸರು ಮಕ್ಕಳನ್ನು ನದಿಯಾಚೆಯ ಸಾಯ್ಮಿಶ್ತೆ ಶಿಬಿರದಿಂದ ವಿಷಾನಿಲದ ಲಾರಿಯಲ್ಲಿ ತುಂಬಿ ಒಯ್ದು 1942ರ ಮೇ ಹೊತ್ತಿಗೆ ಮುಗಿಸಿದ್ದರು. ಅಳಿದುಳಿದ ಕೆಲವರಿಗಾಗಿ, ಮತ್ತು ಅಳುವವರೇ ಉಳಿಯದ ಸಾವಿರಾರು ಮಂದಿಗಾಗಿ, ಒಬ್ಬ ದೇವರನ್ನು ನಂಬದ ಸರ್ಬ್ ಯುವಕ ಏನನ್ನು ಕಟ್ಟಬೇಕು? ಅವರು ಯಹೂದಿ ಅನುಭಾವದ ಪುಸ್ತಕಗಳನ್ನು ಹಿಡಿದು ಕೂತರು. ಎರಡು ಎತ್ತರದ ಕಲ್ಲಿನ ರೆಕ್ಕೆಗಳು, ನಡುವೆ ಒಂದು ಸೀಳು, ಅದರತ್ತ ಒಯ್ಯುವ ಹಾದಿ. ಹಾದಿಯ ಅಂಚಿಗೆ ಯಹೂದಿಗಳು ಬಾಳಿದ್ದ ದೊರ್ಚೊಲ್ ಬಡಾವಣೆಯ ಕೆಡವಿದ ಮನೆಗಳ ಕಲ್ಲುಚೂರುಗಳನ್ನು ಕೂರಿಸಿದರು. 1952ರಲ್ಲಿ ಅದು ಮುಗಿಯಿತು.

ನನ್ನ ಲೆಕ್ಕದಲ್ಲಿ ಅವರ ಮುಂದಿನ ಎಲ್ಲ ಕೆಲಸವೂ ಇಲ್ಲೇ ನಿರ್ಧಾರವಾಯಿತು. ಸತ್ತವರಿಗಾಗಿ ಕಟ್ಟುವಾಗ ಕೊಂದವನತ್ತ ನೋಡಬಾರದು. ಕೊಂದವನನ್ನು ಕಲ್ಲಿನಲ್ಲಿ ಕಡೆದರೆ ಅವನಿಗೂ ಶಾಶ್ವತವಾದ ಒಂದು ಜಾಗ ಸಿಕ್ಕಂತಾಯಿತು. ಜೊತೆಗೆ, ಶತ್ರುವನ್ನು ತೋರಿಸುವ ಸ್ಮಾರಕದ ಎದುರು ನಿಂತವನು ಅಳುವ ಮೊದಲು ಹಲ್ಲು ಕಡಿಯುತ್ತಾನೆ. ಹಲ್ಲು ಕಡಿದವರನ್ನು ಸಾಲಾಗಿ ನಿಲ್ಲಿಸಿ ಬಳಸಿಕೊಳ್ಳಲು ಯಾವಾಗಲೂ ಯಾರಾದರೂ ಒಬ್ಬ ಮುಖಂಡ ಕಾಯುತ್ತಿರುತ್ತಾನೆ.

ಇಲ್ಲಿಗೆ ನಿಲ್ಲಿಸಿದರೆ ಇದು ಒಬ್ಬ ಒಳ್ಳೆಯ ಮನುಷ್ಯನ ಬಗ್ಗೆ ಬರೆದ ಒಳ್ಳೆಯ ಲೇಖನವಾಗುತ್ತದೆ. ಆದರೆ ಯಾಸೆನೊವಾತ್ಸ್‌ನ ಕಥೆ ಅಷ್ಟು ಸರಳವಾಗಿಲ್ಲ. ಇಷ್ಟು ಸಾವಿಗೆ ಹೂವೇ ಎಂಬ ಪ್ರಶ್ನೆ ಮೊದಲಿನಿಂದಲೂ ಇತ್ತು, ಇವತ್ತಿಗೂ ಹೋಗಿಲ್ಲ. ಆ ಪ್ರಶ್ನೆ ಕೇಳುವವರ ವಾದ ಹೀಗಿದೆ. ಟಿಟೊನ ಯುಗೊಸ್ಲಾವಿಯಾ ನಿಂತಿದ್ದದ್ದು ಸೋದರತೆ ಮತ್ತು ಐಕ್ಯ ಎಂಬ ಘೋಷಣೆಯ ಮೇಲೆ. ಯುದ್ಧದಲ್ಲಿ ಕ್ರೊಯೇಷಿಯನ್ನರು ಸರ್ಬರನ್ನೂ ಸರ್ಬರು ಮುಸ್ಲಿಮರನ್ನೂ ಕೊಂದಿದ್ದರು ಎಂದು ಬಿಡಿಸಿ ಹೇಳಿದರೆ ಆ ಐಕ್ಯ ಬಿರುಕು ಬಿಡುತ್ತದೆ ಎಂಬ ಭಯ ಸರ್ಕಾರಕ್ಕಿತ್ತು. ಅದಕ್ಕೆ ಸತ್ತವರೆಲ್ಲ ‘ಫ್ಯಾಸಿಸಂಗೆ ಬಲಿಯಾದವರು’, ಕೊಂದವರೆಲ್ಲ ‘ಆಕ್ರಮಣಕಾರರು ಮತ್ತು ಅವರ ಬಾಲಬಡುಕರು’. ಇಂಥ ಸರ್ಕಾರಕ್ಕೆ ಹೆಸರು ಹೇಳದ ಹೂವಿಗಿಂತ ಅನುಕೂಲದ್ದು ಬೇರೇನಿದೆ? ಬೊಗ್ದಾನೊವಿಚ್ ಆಗ ಭಿನ್ನಮತೀಯರಾಗಿರಲಿಲ್ಲ ಎಂಬುದನ್ನೂ ಮರೆಯಬಾರದು. ಪಕ್ಷದ ಸದಸ್ಯ, ಪ್ರೊಫೆಸರ್, ಸರ್ಕಾರದ ಹಣದಲ್ಲಿ ಕಟ್ಟುವ ಕಲಾವಿದ. ಅವರ ಹೂವು ಸರ್ಕಾರದ ಮೌನಕ್ಕೆ ಮುಚ್ಚಿದ ಚಂದದ ಮುಚ್ಚಳ ಎಂಬುದು ಆರೋಪ.

ಆರೋಪವನ್ನು ತೂಗಿ ನೋಡಲು ಒಂದು ಸಂಖ್ಯೆಯ ಹಿಂದೆ ಹೋಗಬೇಕು. ಯುದ್ಧ ಮುಗಿದಾಗ ಯುಗೊಸ್ಲಾವಿಯಾ ಲೋಕಕ್ಕೆ ಹೇಳಿದ್ದು, ತನ್ನ 17 ಲಕ್ಷ ಜನ ಸತ್ತರು ಎಂದು. ಜರ್ಮನಿಯಿಂದ ಪರಿಹಾರ ಕೇಳುವಾಗ ಸಂಖ್ಯೆ ದೊಡ್ಡದಿದ್ದಷ್ಟೂ ಒಳ್ಳೆಯದಿತ್ತು. ಯಾಸೆನೊವಾತ್ಸ್ ಒಂದರಲ್ಲೇ 7 ಲಕ್ಷ ಎಂಬ ಸಂಖ್ಯೆ ಶಾಲೆಯ ಪುಸ್ತಕಗಳಲ್ಲಿ ಕೂತಿತು. 1964ರಲ್ಲಿ ಸರ್ಕಾರ ಮತ್ತೆ ಜರ್ಮನಿಯ ಜೊತೆಗಿನ ಮಾತುಕತೆಗೆಂದೇ ಮನೆಮನೆಗೆ ಗಣತಿದಾರರನ್ನು ಕಳಿಸಿ, ಸತ್ತವರ ಹೆಸರು ಸಹಿತ ಪಟ್ಟಿ ಮಾಡಿಸಿತು. ಪಟ್ಟಿ ಬಂದಾಗ ಅಧಿಕಾರಿಗಳಿಗೆ ದಿಗಿಲಾಗಿರಬೇಕು. ಇಡೀ ದೇಶದಲ್ಲಿ ಸುಮಾರು 6 ಲಕ್ಷ ಹೆಸರು, ಯಾಸೆನೊವಾತ್ಸ್‌ನಲ್ಲಿ ಸುಮಾರು 59,000. ಬಿಟ್ಟುಹೋದವರು ಬೇಕಾದಷ್ಟಿದ್ದರು, ಒಂದು ಮನೆಯವರೆಲ್ಲ ಸತ್ತಿದ್ದರೆ ಹೆಸರು ಹೇಳಲು ಯಾರೂ ಇರುವುದಿಲ್ಲವಲ್ಲ. ಆದರೂ 59 ಸಾವಿರಕ್ಕೂ 7 ಲಕ್ಷಕ್ಕೂ ಇರುವ ಅಂತರ ಅದರಿಂದ ತುಂಬುವಂಥದ್ದಲ್ಲ. ಸರ್ಕಾರ ಏನು ಮಾಡಿತು? ಪಟ್ಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿತು. ಸುಮಾರು ಕಾಲು ಶತಮಾನ ಅದು ಜನರ ಕಣ್ಣಿಗೆ ಬೀಳಲಿಲ್ಲ.

ಪಟ್ಟಿ ಆದದ್ದು 1964ರಲ್ಲಿ, ಹೂವು ಅರಳಿದ್ದು 1966ರಲ್ಲಿ. ಎರಡು ವರ್ಷದ ಈ ಅಂತರದಲ್ಲೇ ಇಡೀ ಪ್ರಕರಣದ ನಿಜವಾದ ಅಪರಾಧ ಇದೆ ಎಂದು ನನಗನ್ನಿಸುತ್ತದೆ. ಒಂದು ಕೈಯಲ್ಲಿ ಸರ್ಕಾರ ಬೊಗ್ದಾನೊವಿಚ್ ಅವರಿಂದ ಹೂವು ಕಟ್ಟಿಸಿತು, ಇನ್ನೊಂದು ಕೈಯಲ್ಲಿ ಹೆಸರುಗಳನ್ನು ಮುಚ್ಚಿಟ್ಟಿತು.

ಮುಚ್ಚಿಟ್ಟದ್ದರ ಫಲ 1980ರ ದಶಕದಲ್ಲಿ ಕೈಗೆ ಬಂತು. ಟಿಟೊ ಸತ್ತ ಮೇಲೆ ಬೆಲ್‌ಗ್ರೇಡಿನ ರಾಷ್ಟ್ರೀಯವಾದಿಗಳಿಗೆ 7 ಲಕ್ಷವೂ ಸಾಲಲಿಲ್ಲ, ಹತ್ತು ಲಕ್ಷ ಎಂದರು. ಹತ್ತು ಲಕ್ಷ ಸರ್ಬರನ್ನು ಕೊಂದ ಜನಾಂಗದ ಪಕ್ಕದಲ್ಲಿ ಬಾಳುವುದು ಹೇಗೆ ಎಂಬ ಪ್ರಶ್ನೆ ತಾನಾಗಿ ಹಿಂದೆಯೇ ಬಂತು. ಆ ಕಡೆ ಜಾಗ್ರೆಬ್‌ನಲ್ಲಿ, ಮುಂದೆ ಸ್ವತಂತ್ರ ಕ್ರೊಯೇಷಿಯಾದ ಮೊದಲ ಅಧ್ಯಕ್ಷರಾದ ಫ್ರಾನ್ಯೊ ತುಜ್ಮನ್ 1989ರ ತಮ್ಮ ಪುಸ್ತಕದಲ್ಲಿ ಅದನ್ನು ಮೂವತ್ತು ನಲವತ್ತು ಸಾವಿರಕ್ಕೆ ಇಳಿಸಿದರು. ಒಬ್ಬರು ಸೊನ್ನೆ ಸೇರಿಸಿದರು, ಇನ್ನೊಬ್ಬರು ಸೊನ್ನೆ ಕಳೆದರು. ಸತ್ತವರು ಇಬ್ಬರಿಗೂ ಮದ್ದುಗುಂಡಾದರು. 1991ರಲ್ಲಿ ನಿಜವಾದ ಮದ್ದುಗುಂಡು ಸಿಡಿಯಿತು, ಯಾಸೆನೊವಾತ್ಸ್‌ನ ಸ್ಮಾರಕವೂ ಅದರ ನಡುವೆ ಸಿಕ್ಕಿ ಹಾನಿಗೊಳಗಾಯಿತು.

ಈಗ ಯಾಸೆನೊವಾತ್ಸ್ ಸ್ಮಾರಕದ ಸಂಸ್ಥೆ ಒಂದೊಂದೇ ಹೆಸರು ಹುಡುಕಿ ಮಾಡಿದ ಪಟ್ಟಿ ಇದೆ. ಅದರಲ್ಲಿ 83,145 ಹೆಸರುಗಳಿವೆ: 47,627 ಸರ್ಬರು, 16,173 ರೋಮಾ, 13,116 ಯಹೂದಿಗಳು, ಉಳಿದವರಲ್ಲಿ ಕ್ರೊಯೇಷಿಯನ್ನರು, ಮುಸ್ಲಿಮರು, ಇನ್ನೂ ಕೆಲವರು. ಅವರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಕ್ಕಳು. ಪಟ್ಟಿ ಪೂರ್ತಿಯಾಗಿಲ್ಲ ಎಂದು ಸಂಸ್ಥೆಯೇ ಹೇಳುತ್ತದೆ. 83 ಸಾವಿರ ಎಂಬುದು 7 ಲಕ್ಷಕ್ಕಿಂತ ಸಣ್ಣದು ಎಂದು ಓದಿದ ತಕ್ಷಣ ಮನಸ್ಸು ಒಂದು ಕ್ಷಣ ಹಗುರಾಗುತ್ತದಲ್ಲ, ಆ ಹಗುರವೇ ಸಂಖ್ಯೆಯ ಜಗಳ ಮಾಡುವ ಹಾನಿ. ಒಂದು ಜಿಲ್ಲಾ ಕೇಂದ್ರದ ಇಡೀ ಊರನ್ನು ಕೈಯಿಂದ ಕೊಂದಂತೆ ಅದು.

ಹಾಗಾದರೆ ಹೂವಿನ ತಪ್ಪೇನು? ನನ್ನ ಪ್ರಕಾರ ಏನೂ ಇಲ್ಲ. ಹೂವಿಗೆ ಲೆಕ್ಕ ಹೇಳಲು ಬರುವುದಿಲ್ಲ, ಅದು ಅದರ ಕೆಲಸವೂ ಅಲ್ಲ. ಸ್ಮಾರಕಕ್ಕೆ ಎರಡು ಕೆಲಸ ಹೊರಿಸಿ ನಾವು ಕೆಡುತ್ತೇವೆ. ಅಳುವ ಜಾಗ ಬೇರೆ, ಸಾಕ್ಷಿ ಹೇಳುವ ಜಾಗ ಬೇರೆ. ಸಾಕ್ಷಿಗೆ ಮ್ಯೂಸಿಯಂ ಬೇಕು, ಬೀಗ ತೆಗೆದ ಬೀರು ಬೇಕು, ಕೊಂದವನ ಹೆಸರು ವಿಳಾಸ ಬೇಕು, ಕೋರ್ಟು ಬೇಕು. ಅದೂ ಅರೆಬರೆಯಾಗಿ ಆದರೆ ಪ್ರಯೋಜನವಿಲ್ಲ. 2006ರಲ್ಲಿ ಯಾಸೆನೊವಾತ್ಸ್‌ನ ಮ್ಯೂಸಿಯಂ ಹೊಸ ರೂಪದಲ್ಲಿ ತೆರೆದಾಗ ಗಾಜಿನ ಫಲಕಗಳ ಮೇಲೆ ಸತ್ತವರ ಹೆಸರುಗಳು ತುಂಬಿದ್ದವು, ಕೊಂದವರ ಬಗ್ಗೆ ಮಾತ್ರ ಹೆಚ್ಚೇನೂ ಇರಲಿಲ್ಲ. ಯಹೂದಿ ಮತ್ತು ಸರ್ಬ್ ಸಂಘಟನೆಗಳು ಸಿಟ್ಟಾದವು. ಸಿಟ್ಟಾದದ್ದು ನ್ಯಾಯ. ಹೂವಿಗೆ ಒಪ್ಪುವ ಮೌನ ಮ್ಯೂಸಿಯಂಗೆ ಒಪ್ಪುವುದಿಲ್ಲ.

ಸಾಕ್ಷಿಯ ಕೆಲಸವನ್ನು ಬೇರೆಯವರು ಮಾಡಬೇಕಿತ್ತು, ಮಾಡಲಿಲ್ಲ. ಅದರ ಸಿಟ್ಟನ್ನು ಹೂವಿನ ಮೇಲೆ ತೀರಿಸಿಕೊಂಡರೆ ಆಗುವುದಿಷ್ಟೇ: ಹೂವನ್ನೂ ಒಂದು ಪಕ್ಷದ ಬಾವುಟ ಮಾಡುತ್ತೇವೆ. 2016ರಿಂದ ಹಲವು ವರ್ಷ ಕ್ರೊಯೇಷಿಯಾದ ಸರ್ಬರು, ಯಹೂದಿಗಳು, ಫ್ಯಾಸಿಸ್ಟ್ ವಿರೋಧಿ ಸಂಘಟನೆಯವರು ಸರ್ಕಾರದ ಶ್ರದ್ಧಾಂಜಲಿಗೆ ಹೋಗದೆ ತಮ್ಮದೇ ಬೇರೆ ದಿನಗಳಲ್ಲಿ ಅಲ್ಲಿಗೆ ಹೋದರು. ಉಸ್ತಾಶಾ ಘೋಷಣೆ ಮತ್ತೆ ಸಾರ್ವಜನಿಕವಾಗಿ ಕೇಳಿಬರುತ್ತಿದೆ, ಸರ್ಕಾರ ಸುಮ್ಮನಿದೆ ಎಂಬುದು ಅವರ ದೂರು. ಆ ಘೋಷಣೆ ಇದ್ದ ಫಲಕವೊಂದನ್ನು ಯಾಸೆನೊವಾತ್ಸ್ ಊರಿನೊಳಗೇ ಹಾಕಿದ್ದೂ ಉಂಟು. ಸರ್ಕಾರದೊಂದಿಗೆ ನಿಲ್ಲಲಾರೆವು ಎಂದ ಆ ಜನ ಹೂವನ್ನು ಬಿಡಲಿಲ್ಲ. ಬೇರೆ ದಿನ ಬಂದರು, ಅದೇ ಸ್ಲೀಪರ್ ದಿಮ್ಮಿಗಳ ಮೇಲೆ ನಡೆದರು, ಅದೇ ಎಸಳುಗಳ ಕೆಳಗೆ ನಿಂತರು. ಆ ಸ್ಮಾರಕ ಕ್ರೊಯೇಷಿಯನ್ನನತ್ತ ಬೆರಳು ತೋರಿಸುವ ಸರ್ಬ್ ಮುಷ್ಟಿಯಾಗಿದ್ದರೆ 1990ರ ದಶಕದಲ್ಲಿ ಅದು ಉಳಿಯುತ್ತಿತ್ತೇ ಎಂಬುದೇ ಅನುಮಾನ.

ಶತ್ರುವನ್ನು ತೋರಿಸದ ಸ್ಮಾರಕಕ್ಕೆ ಶತ್ರುಗಳೇ ಇರುವುದಿಲ್ಲ ಎಂದು ಮಾತ್ರ ತಿಳಿಯಬೇಡಿ. ಮೊಸ್ತಾರ್‌ನಲ್ಲಿ ಆದದ್ದನ್ನು ನೋಡಿದರೆ ಆ ಭ್ರಮೆ ಹೋಗುತ್ತದೆ.

ಬೊಸ್ನಿಯಾ-ಹರ್ಜೆಗೊವಿನಾದ ಮೊಸ್ತಾರ್ ನೆರೆತ್ವಾ ನದಿಯ ಎರಡೂ ದಡದಲ್ಲಿ ಹರಡಿದ ಊರು, ಹದಿನಾರನೆಯ ಶತಮಾನದ ಒಟ್ಟೋಮನ್ ಸೇತುವೆಗೆ ಹೆಸರಾದದ್ದು. ಇಲ್ಲಿನ ಗುಡ್ಡದ ಇಳಿಜಾರಿನಲ್ಲಿ ಬೊಗ್ದಾನೊವಿಚ್ ಪಾರ್ಟಿಸಾನರ ಸ್ಮಶಾನ ಕಟ್ಟಿದರು. 1965ರಲ್ಲಿ ಟಿಟೊ ಬಂದು ಉದ್ಘಾಟಿಸಿದರು. ಕಟ್ಟಲು ಬಳಸಿದ ಕಲ್ಲಿನಲ್ಲಿ ಊರಿನ ಹಳೆಯ ಮನೆಗಳ ಚಾವಣಿಯ ಕಲ್ಲೂ ಇತ್ತು. ಅಂಕುಡೊಂಕಾದ ಹಾದಿ, ಮೆಟ್ಟಿಲು ಮೆಟ್ಟಿಲಾದ ತಟ್ಟುಗಳು, ಮೇಲಿನಿಂದ ಹರಿದು ಬರುವ ನೀರು. ಒಟ್ಟಿನಲ್ಲಿ ಅದೊಂದು ಪುಟ್ಟ ಮೊಸ್ತಾರ್. ಬದುಕಿರುವವರ ಊರಿನ ಎದುರು ಸತ್ತವರ ಊರು, ಒಂದನ್ನೊಂದು ನೋಡುತ್ತ. ತಟ್ಟುಗಳ ಮೇಲೆ 800ಕ್ಕೂ ಹೆಚ್ಚು ಸಮಾಧಿಕಲ್ಲುಗಳು, ಪ್ರತಿಯೊಂದರ ಮೇಲೂ ಸತ್ತ ಪಾರ್ಟಿಸಾನನ ಹೆಸರು. ಶಿಲುಬೆ ಇಲ್ಲ, ಅರ್ಧಚಂದ್ರ ಇಲ್ಲ. ಸರ್ಬ್, ಕ್ರೊಯಾಟ್, ಮುಸ್ಲಿಂ, ಯಹೂದಿ ಹೆಸರುಗಳು ಒಂದರ ಪಕ್ಕ ಒಂದು. ಅಂದರೆ ಇಲ್ಲಿ ಹೂವೂ ಪಟ್ಟಿಯೂ ಒಟ್ಟಿಗೇ ಇದ್ದವು. ನನ್ನ ಮಟ್ಟಿಗೆ ಇದು ಅವರ ಎಲ್ಲಕ್ಕಿಂತ ಒಳ್ಳೆಯ ಕೆಲಸ.

1990ರ ದಶಕದ ಯುದ್ಧದಲ್ಲಿ ಊರು ಮೊದಲು ಸರ್ಬ್ ಪಡೆಗಳ ದಾಳಿಗೆ, ಆಮೇಲೆ ಕ್ರೊಯಾಟ್ ಮತ್ತು ಬೊಸ್ನಿಯಾಕ್ ಪಡೆಗಳ ನಡುವಿನ ಕಾಳಗಕ್ಕೆ ಸಿಕ್ಕಿ ನುಗ್ಗಾಯಿತು. 1993ರ ನವೆಂಬರ್ 9ರಂದು ಕ್ರೊಯಾಟ್ ಪಡೆಗಳ ಗುಂಡಿಗೆ ಸೇತುವೆ ನದಿಗೆ ಬಿತ್ತು. ಲೋಕವೆಲ್ಲ ಮರುಗಿತು, ವಿಶ್ವಬ್ಯಾಂಕು ಯುನೆಸ್ಕೊ ಎಲ್ಲ ಕೈಜೋಡಿಸಿ 2004ರಲ್ಲಿ ಹೊಸ ಸೇತುವೆ ಎದ್ದಿತು. ಇವತ್ತು ಪ್ರವಾಸಿಗಳು ಅದರ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಸ್ಮಶಾನವೂ ಅದೇ ಯುದ್ಧದಲ್ಲಿ ಒಡೆದಿತ್ತು. ಅದನ್ನು ಆಮೇಲೆ ಸರಿಪಡಿಸಿದರು, ಮತ್ತೆ ಒಡೆದರು, ಕಸ ಸುರಿದರು, ಸ್ವಸ್ತಿಕ ಗೀಚಿದರು. 2022ರ ಜೂನ್‌ನ ಒಂದು ರಾತ್ರಿ ಯಾರೋ ಬಂದು ಹೆಸರಿನ ಕಲ್ಲುಗಳನ್ನು ಒಂದೂ ಬಿಡದಂತೆ ಜಜ್ಜಿ ಪುಡಿಮಾಡಿದರು. ನೂರಾರು ಕಲ್ಲುಗಳು. ಹುಡುಗರ ಪುಂಡಾಟಕ್ಕೆ ಅಷ್ಟು ತಾಳ್ಮೆ ಇರುವುದಿಲ್ಲ.

ಸೇತುವೆಗೆ ಸಿಕ್ಕ ಕಾಳಜಿ ಸ್ಮಶಾನಕ್ಕೆ ಏಕೆ ಸಿಗಲಿಲ್ಲ? ಸೇತುವೆ ಸುಂದರ, ಹಳೆಯದು, ಯಾರಿಂದಲೂ ಏನನ್ನೂ ಕೇಳುವುದಿಲ್ಲ. ನೀವು ನಿಮ್ಮ ದಡದಲ್ಲೇ ಇದ್ದುಕೊಂಡು ಅದನ್ನು ಮೆಚ್ಚಬಹುದು. ಇಂದಿಗೂ ಮೊಸ್ತಾರ್‌ನ ಬಹುಪಾಲು ಕ್ರೊಯಾಟರು ಪಶ್ಚಿಮಕ್ಕೆ, ಬೊಸ್ನಿಯಾಕರು ಪೂರ್ವಕ್ಕೆ ಬದುಕುತ್ತಾರೆ. ಸ್ಮಶಾನ ಹೇಳುವುದು ಬೇರೆಯೇ ಮಾತು: ಇದೇ ಊರಿನ ಮಕ್ಕಳು ಒಮ್ಮೆ ಒಂದೇ ಕಡೆ ನಿಂತು ಸತ್ತಿದ್ದರು, ಅವರ ಹೆಸರುಗಳು ಇಲ್ಲಿವೆ, ಓದಿಕೊಳ್ಳಿ. ಊರನ್ನು ಧರ್ಮದ ಪ್ರಕಾರ ಭಾಗ ಮಾಡಿಕೊಂಡು ರಾಜಕೀಯ ನಡೆಸುವವನಿಗೆ ಕೆಟ್ಟ ಬೈಗುಳಕ್ಕಿಂತ ಇದೇ ಹೆಚ್ಚು ಚುಚ್ಚುತ್ತದೆ. ಹೂವು ಪಟ್ಟಿ ಎರಡೂ ಸೇರಿದರೆ ಎಷ್ಟು ಬಲ ಎಂಬುದಕ್ಕೆ ಆ ಪುಡಿಯಾದ ಕಲ್ಲುಗಳೇ ಸಾಕ್ಷಿ.

ಇನ್ನು ಬೊಗ್ದಾನೊವಿಚ್ ಅವರ ಬದುಕಿನ ಎರಡನೆಯ ಭಾಗ. ಬೆಲ್‌ಗ್ರೇಡಿನ ವಾಸ್ತುಶಿಲ್ಪ ಕಾಲೇಜಿನಲ್ಲಿ ಡೀನ್ ಆಗಿ ಪಾಠದ ಕ್ರಮವನ್ನೇ ಬದಲಿಸಲು ಹೊರಟು ಸೋತರು. 1976ರಿಂದ ನಗರದ ಹೊರಗೆ ಮಾಲಿ ಪೊಪೊವಿಚ್ ಎಂಬ ಹಳ್ಳಿಯ ಖಾಲಿ ಬಿದ್ದಿದ್ದ ಶಾಲಾ ಕಟ್ಟಡದಲ್ಲಿ ತಮ್ಮದೇ ಶಾಲೆ ನಡೆಸಿದರು. ಅಲ್ಲಿ ವಿದ್ಯಾರ್ಥಿಗಳು ಇಲ್ಲದ ಊರುಗಳ ನಕ್ಷೆ ಬರೆಯುತ್ತಿದ್ದರು, ಇಲ್ಲದ ಲಿಪಿಗಳನ್ನು ಹುಟ್ಟಿಸುತ್ತಿದ್ದರು. 1982ರಿಂದ 1986ರವರೆಗೆ ಬೆಲ್‌ಗ್ರೇಡಿನ ಮೇಯರ್ ಆದರು. 1987ರಲ್ಲಿ ಸ್ಲೊಬೊದಾನ್ ಮಿಲೊಶೆವಿಚ್ ಸರ್ಬಿಯಾದ ಪಕ್ಷವನ್ನು ಕೈಗೆ ತೆಗೆದುಕೊಂಡಾಗ, ಪಕ್ಷದ ಕೇಂದ್ರ ಸಮಿತಿಯಲ್ಲಿದ್ದ ಬೊಗ್ದಾನೊವಿಚ್ ಅವರಿಗೆ ಅರವತ್ತಕ್ಕೂ ಹೆಚ್ಚು ಪುಟದ ಪತ್ರ ಬರೆದರು. ಅರ್ಧ ಲೇವಡಿ, ಅರ್ಧ ಎಚ್ಚರಿಕೆ. ಸರ್ಬ್ ರಾಷ್ಟ್ರೀಯವಾದ ಸರ್ಬಿಯಾವನ್ನೇ ತಿನ್ನುತ್ತದೆ ಎಂಬುದು ಅದರ ತಿರುಳು. ಆಮೇಲೆ ಏನಾಯಿತೆಂದು ಊಹಿಸಬಹುದು. ಪತ್ರಿಕೆಗಳಲ್ಲಿ ದೇಶದ್ರೋಹಿ ಎಂಬ ಪಟ್ಟ, ಬೆದರಿಕೆ, ಮನೆಯ ಮೇಲೆ ದಾಳಿ. 1993ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಹೆಂಡತಿಯೊಂದಿಗೆ ವಿಯೆನ್ನಾಕ್ಕೆ ಹೋಗಿ ನೆಲೆಸಿದರು.

ಅಲ್ಲಿಂದ ಬರೆದ ಬರಹಗಳೇ ಅವರನ್ನು ಯೂರೋಪಿನಾದ್ಯಂತ ಹೆಸರುವಾಸಿ ಮಾಡಿದವು. ವುಕೊವಾರ್, ಸರಾಯೆವೊ, ಮೊಸ್ತಾರ್ ನಗರಗಳನ್ನು ಒಂದೊಂದಾಗಿ ಫಿರಂಗಿಯಿಂದ ಹೊಡೆಯುತ್ತಿದ್ದ ಕಾಲ ಅದು. 1992ರ ಆಗಸ್ಟ್‌ನಲ್ಲಿ ಸರಾಯೆವೊದ ರಾಷ್ಟ್ರೀಯ ಗ್ರಂಥಾಲಯ ಪುಸ್ತಕಗಳ ಸಮೇತ ಉರಿದುಹೋಗಿತ್ತು. ಸೈನಿಕ ಗುರಿಯಿಲ್ಲದ ಕಟ್ಟಡಗಳನ್ನು ಏಕೆ ಹೊಡೆಯುತ್ತಾರೆ? ಬೊಗ್ದಾನೊವಿಚ್ ಇದಕ್ಕೆ ನಗರದ ಕೊಲೆ ಎಂದರು. ಅದೂ ಬಲಿ ಕೊಡುವಂತೆ, ವಿಧಿಪೂರ್ವಕವಾದ ಕೊಲೆ. ಬೇರೆ ಬೇರೆ ಜನ ಒಟ್ಟಿಗೆ ಬಾಳುವುದನ್ನು ಕಲಿಸುವುದೇ ನಗರ, ಅದಕ್ಕೇ ಅದನ್ನು ಕಂಡರೆ ಕೆಲವರಿಗೆ ದ್ವೇಷ. ನಾಗರಿಕತೆಯ ಇತಿಹಾಸವೇ ನಗರವನ್ನು ಪ್ರೀತಿಸುವವರ ಮತ್ತು ದ್ವೇಷಿಸುವವರ ನಡುವಿನ ಜಗಳ ಎಂಬುದು ಅವರ ವಾದ.

ಈ ವಾದದ ಅರ್ಧವನ್ನು ನಾನು ಒಪ್ಪುತ್ತೇನೆ. ಕಟ್ಟಡ ಒಡೆಯುವುದೆಂದರೆ ಅದರಲ್ಲಿ ಸೇರಿ ಬಾಳಿದ ನೆನಪನ್ನು ಒಡೆಯುವುದು ಎಂಬ ಮಾತು ನಿಜ. ಆದರೆ ಗುಡ್ಡದ ಮೇಲಿಂದ ಸರಾಯೆವೊಗೆ ಗುರಿಯಿಟ್ಟವರು ನಗರ ಕಂಡು ಉರಿಯುವ ಬೆಟ್ಟದ ಜನ ಎಂಬ ಚಿತ್ರ ಅವರ ಬರಹದಲ್ಲಿ ಮತ್ತೆ ಮತ್ತೆ ಇಣುಕುತ್ತದೆ, ಅದನ್ನು ಒಪ್ಪಲಾರೆ. ಆ ಮುತ್ತಿಗೆಯ ರಾಜಕೀಯ ಮುಖಂಡ ರಾದೊವಾನ್ ಕರಾಜಿಚ್ ಸರಾಯೆವೊದಲ್ಲೇ ಓದಿ, ಅಲ್ಲಿನ ಆಸ್ಪತ್ರೆಯಲ್ಲಿ ಮನೋವೈದ್ಯನಾಗಿ ಕೆಲಸ ಮಾಡಿ, ಕವಿತೆ ಪ್ರಕಟಿಸಿದವನು. ಸರ್ಬ್ ರಾಷ್ಟ್ರೀಯವಾದಕ್ಕೆ ಭಾಷೆ ಕೊಟ್ಟವರು ಬೆಲ್‌ಗ್ರೇಡಿನ ಅಕಾಡೆಮಿಯ ಪ್ರೊಫೆಸರುಗಳು, ಕಾದಂಬರಿಕಾರರು. ಅವರೆಲ್ಲ ಎಂಥವರೆಂದು ಬೊಗ್ದಾನೊವಿಚ್ ಅವರಿಗೆ ಚೆನ್ನಾಗಿ ಗೊತ್ತಿತ್ತು, 1981ರಲ್ಲೇ ಆ ಅಕಾಡೆಮಿಯಿಂದ ಹೊರಬಂದಿದ್ದವರು ಅವರು. ಆದರೂ ವಿಯೆನ್ನಾದ ದೂರದಿಂದ ನೋಡುವಾಗ ಬೆರಳು ಹಳ್ಳಿಯ ಕಡೆ ತಿರುಗಿತು. ಹೊರಗಿನಿಂದ ಬಂದವರೇ ನಗರ ಕೆಡಿಸಿದರು ಎಂಬ ಮಾತು ಎಷ್ಟು ಅಗ್ಗವೆಂದು ಮುಂಬೈಯಲ್ಲೋ ದೆಹಲಿಯಲ್ಲೋ ಇನ್ನೊಂದು ಭಾಷೆಯ ನಡುವೆ ಬಾಳುವ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಲ್ಲಿನಲ್ಲಿ ಶತ್ರುವನ್ನು ಎಂದೂ ಕಡೆಯದ ಮನುಷ್ಯ ಕಾಗದದ ಮೇಲೆ ಒಬ್ಬ ಶತ್ರುವನ್ನು ಹುಡುಕಿಕೊಂಡರು. ಅದಕ್ಕೇ ಅವರ ಪುಸ್ತಕಗಳಿಗಿಂತ ಅವರ ಕಲ್ಲುಗಳು ನನಗೆ ಹೆಚ್ಚು ವಿವೇಕದವಾಗಿ ಕಾಣುತ್ತವೆ.

ಇತ್ತೀಚೆಗೆ ಈ ಸ್ಮಾರಕಗಳಿಗೆ ಮತ್ತೊಂದು ಕಾಟ ಹತ್ತಿದೆ. ಮಂಜಿನಲ್ಲಿ ನಿಂತ ಯುಗೊಸ್ಲಾವ್ ಸ್ಮಾರಕಗಳ ಫೋಟೊಗಳು ಇನ್‌ಸ್ಟಾಗ್ರಾಮಿನಲ್ಲಿ ಹರಿದಾಡುತ್ತವೆ, ಕೆಳಗೆ ‘ಅನ್ಯಗ್ರಹದಿಂದ ಇಳಿದಂತಿದೆ’ ಎಂಬ ಉದ್ಗಾರ. 2018ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ ಯುಗೊಸ್ಲಾವ್ ವಾಸ್ತುಶಿಲ್ಪದ ದೊಡ್ಡ ಪ್ರದರ್ಶನ ಮಾಡಿ, ಅವುಗಳ ಹಿಂದೆ ಹೆಸರಿರುವ ವಾಸ್ತುಶಿಲ್ಪಿಗಳೂ ಒಂದು ಇತಿಹಾಸವೂ ಇದೆಯೆಂದು ತೋರಿಸಿತು. ಫೋಟೊಗಳ ಹರಿದಾಟವೇನೂ ನಿಂತಿಲ್ಲ. ಕನ್ನಡಕದ ಕಂಪನಿ ಬಂದದ್ದು ಅದೇ ದಾರಿಯಲ್ಲಿ. ಮುಂದೆ ಅಂಥ ಫೋಟೊ ಕಣ್ಣಿಗೆ ಬಿದ್ದರೆ ಕೆಳಗೆ ಊರಿನ ಹೆಸರಿದೆಯೇ ನೋಡಿ, ಇಲ್ಲದಿದ್ದರೆ ಹುಡುಕಿ. ಯಾಸೆನೊವಾತ್ಸ್ ಸಂಸ್ಥೆಯ ಪಟ್ಟಿ ಈಗ ಬೀಗದೊಳಗಿಲ್ಲ, ಅಂತರ್ಜಾಲದಲ್ಲೇ ಇದೆ. ಒಂದೊಂದು ಹೆಸರಿನ ಮುಂದೆ ಹುಟ್ಟಿದ ವರ್ಷ, ಊರು, ಗೊತ್ತಿದ್ದರೆ ಸತ್ತ ಬಗೆ.

ಬೊಗ್ದಾನೊವಿಚ್ 2010ರ ಜೂನ್ 18ರಂದು ವಿಯೆನ್ನಾದಲ್ಲಿ ತೀರಿಕೊಂಡರು. ಅವರ ಚಿತಾಭಸ್ಮವನ್ನು ಬೆಲ್‌ಗ್ರೇಡಿಗೆ ತಂದು, ಅವರು 1952ರಲ್ಲಿ ಮುಗಿಸಿದ ಕಲ್ಲಿನ ರೆಕ್ಕೆಗಳಿರುವ ಅದೇ ಯಹೂದಿ ಸ್ಮಶಾನದಲ್ಲಿ ಇಟ್ಟರು.